ಬಿಸಿಲಲ್ಲೊಂದು ಸೈಕಲ್ ಸವಾರಿ

ಐವತ್ತಾರು ವರ್ಷದ ನಾನು ಸೈಕಲ್ಲಿನ ಮೇಲೆ ಹುಬ್ಬಳ್ಳಿಯಿಂದ ಬಾದಾಮಿಗೆ ಹೋಗುತ್ತೇನೆಂದು ಹೇಳಿದಾಗ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ, "ಹಂಗಾರ ಅವತ್ತ ನಾಷ್ಟಾಕ್ಕೇನು?" ಎಂಬುದು. ಕೇಳಿದವರು ನಮ್ಮ ಯಜಮಾನರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ನಾಷ್ಟಾದ ವೇಳೆಯೇ ಪಂಚಾಂಗ. ಎರಡನೆಯ ಪ್ರಶ್ನೆ ಪಕ್ಕದ ಮನೆಯವರದು: "ಯಾಕ್ರಿ, ಬಸ್ ಇಲ್ಲೇನ್ರಿ?" ಮೂರನೆಯದು ಬೆಂಗಳೂರಿನಲ್ಲಿರುವ ಮಗನದು. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಅವ್ವಾ, ಯಾವ ತಿಂಗಳದಾಗ?" ಎಂದು ಕೇಳಿದ. ಏಪ್ರಿಲ್ ಎಂದೆ. ಮತ್ತೆ ಸುಮ್ಮನಾದ. ಮೂವರಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂದು ನನಗೆ ತಿಳಿದದ್ದು ಆಮೇಲೆ, ಕುಳಗೇರಿ ಕ್ರಾಸ್ ದಾಟಿದ ಮೇಲೆ.

ನಮ್ಮ ಭಾಗದ ಸೈಕಲ್ ಹವ್ಯಾಸಿಗಳು ಕೂಡಿ 2025ರ ಏಪ್ರಿಲ್ ಕೊನೆಯ ಭಾನುವಾರ ಈ ಸವಾರಿ ಇಟ್ಟುಕೊಂಡಿದ್ದರು. ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚೇ ದಾರಿ. ಇದರಲ್ಲಿ ಮೊದಲನೆಯವರು, ಕೊನೆಯವರು ಎಂಬ ಲೆಕ್ಕವಿಲ್ಲ. ಗೊತ್ತುಮಾಡಿದ ವೇಳೆಯೊಳಗೆ ಮುಟ್ಟಿದವರಿಗೆಲ್ಲ ಒಂದೊಂದು ಪದಕ. ಇಂಥ ಸವಾರಿಗಳಿಗೆ ಹಿರಿಯಕ್ಕನಂಥದು ಫ್ರಾನ್ಸ್ ದೇಶದಲ್ಲಿದೆಯಂತೆ. ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರುವುದು. 1891ರಲ್ಲಿ ಮೊದಲು ನಡೆದಾಗ ಅದು ಪಂದ್ಯವಾಗಿತ್ತು. ಈಗ ಹವ್ಯಾಸಿಗಳು ಅದೇ 1200 ಕಿಲೋಮೀಟರನ್ನು 90 ತಾಸಿನೊಳಗೆ ಮುಗಿಸುತ್ತಾರೆ. ಅದನ್ನು ಕೇಳಿದ ಮೇಲೆ ನಮ್ಮ ಬಾದಾಮಿ ನನಗೆ ಹಿತ್ತಲಷ್ಟು ಹತ್ತಿರವೆನಿಸಿತು. ಹೆಸರು ಕೊಟ್ಟುಬಿಟ್ಟೆ.

ಆದರೆ ನಾನು ಹೆಸರು ಕೊಟ್ಟದ್ದಕ್ಕೆ ನಿಜವಾದ ಕಾರಣ ಫ್ರಾನ್ಸಿನಲ್ಲಿಲ್ಲ, ನವಲಗುಂದ ತಾಲೂಕಿನ ನನ್ನ ತವರೂರಿನ ಅಗಸಿಯ ಮುಂದಿದೆ. 1983ರಲ್ಲಿ ನನಗೆ ಹದಿನಾಲ್ಕು. ಅಪ್ಪನ ಅಟ್ಲಾಸ್ ಸೈಕಲ್ಲನ್ನು ಮೊದಲು ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆದು, ಆಮೇಲೆ ಬಾರಿನ ಮೇಲೆಯೇ ಕುಂಡೆ ಊರಿ ಕಲಿತಿದ್ದೆ. ಹಿಡಿದು ಕಲಿಸಿದವನು ಅಣ್ಣ. ಒಂದು ಸಂಜೆ ಹೊಲದ ದಾರಿಯಿಂದ ಒಬ್ಬಳೇ ಬಿಟ್ಟುಕೊಂಡು ಬರುತ್ತಿದ್ದೆ. ಅಗಸಿಯ ಹತ್ತಿರ ನಮ್ಮ ದೊಡ್ಡಪ್ಪ ನಿಂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಹ್ಯಾಂಡಲ್ ಹಿಡಿದು ಒಂದೇ ಮಾತು ಹೇಳಿದರು: "ಇಳಿ." ಇಳಿದೆ. ದೊಡ್ಡವಳಾದ ಹುಡುಗಿ ಮತ್ತೆ ಸೈಕಲ್ ಮುಟ್ಟಬಾರದು ಎಂದು ಅಂದಿನಿಂದ ಮನೆಯಲ್ಲಿ ಕಾಯಿದೆಯಾಯಿತು.

ಸೈಕಲ್ ಹೋದರೆ ಹೋಯಿತು ಎನ್ನಬಹುದು. ಅದರ ಹಿಂದೆ ಹೋದದ್ದು ನನಗೆ ಎರಡು ವರ್ಷದ ಮೇಲೆ ಗೊತ್ತಾಯಿತು. ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ನನಗೆ ಅಣ್ಣನಿಗಿಂತ ಹೆಚ್ಚು ಅಂಕ ಬಂದಿದ್ದವು. ಆದರೆ ತಾಲೂಕಿನ ಕಾಲೇಜಿನಲ್ಲಿ ವಿಜ್ಞಾನದವರ ಪ್ರಾಕ್ಟಿಕಲ್ ಬಿಡುವುದು ಐದು ಗಂಟೆಗೆ, ನಮ್ಮೂರಿಗೆ ಕೊನೆಯ ಬಸ್ಸು ನಾಲ್ಕೂವರೆಗೆ. ಅಣ್ಣನಿಗೆ ಸೈಕಲ್ ಇತ್ತು, ಅವನು ವಿಜ್ಞಾನ ಓದಿದ. ನನಗೆ ಬಸ್ಸಿತ್ತು, ನಾನು ಕಲೆ ಓದಿದೆ. ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುವ ಅಕ್ಕೋರಾದೆ. ಈ ಕೆಲಸ ನನಗೆ ಪ್ರೀತಿಯದು, ಸುಳ್ಳು ಹೇಳಲಾರೆ. ಆದರೂ ಶಾಲೆಯ ಪ್ರಯೋಗಾಲಯದ ಮುಂದೆ ಹಾಯುವಾಗೆಲ್ಲ ಆ ನಾಲ್ಕೂವರೆಯ ಬಸ್ಸು ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಮತ್ತೆ ಸೈಕಲ್ ನನ್ನ ಕೈಗೆ ಸಿಕ್ಕಿದ್ದು 2006-07ರಲ್ಲಿ. ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ವರ್ಷ ಅದು. ನಮ್ಮ ಶಾಲೆಯ ಮೈದಾನದಲ್ಲಿ ಹೊಸ ಸೈಕಲ್ಲುಗಳು ಸಾಲಾಗಿ ನಿಂತವು. ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಬಿಡಲು ಬರುತ್ತಿರಲಿಲ್ಲ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರೆಂದು ಯಾವುದೋ ತರಬೇತಿಯಲ್ಲಿ ಕೇಳಿದ್ದೆ. ಅಕ್ಷರ ಕಲಿಯುವುದೂ ಸೈಕಲ್ ಕಲಿಯುವುದೂ ಒಂದೇ ಪಾಠವೆಂದು ಅಲ್ಲಿಯವರು ತಿಳಿದಿದ್ದರು. ಆ ನೆನಪಿನಲ್ಲಿ ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಕಲಿಸಲು ನಿಂತೆ. ಕಲಿಸುವವರು ಮೊದಲು ತಾವು ಹತ್ತಿ ತೋರಿಸಬೇಕಲ್ಲ! ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಪ್ಪತ್ಮೂರು ವರ್ಷದ ಮೇಲೆ ಹತ್ತಿದೆ. ಮೈ ಮರೆತಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಆಫೀಸಿನ ಕಿಟಕಿ ಮುಚ್ಚಿಕೊಂಡರು.

ಮುಂದೆ ಮಗ ಕೆಲಸಕ್ಕೆ ಹೋಗುವಾಗ ತನ್ನ ಗೇರಿನ ಸೈಕಲ್ ಮನೆಯಲ್ಲಿ ಬಿಟ್ಟುಹೋದ. ಬೆಳಗ್ಗೆ ಹಾಲು ತರಲೆಂದು ಶುರುವಾದದ್ದು ಐದು ಕಿಲೋಮೀಟರಾಯಿತು, ಹತ್ತಾಯಿತು, ಭಾನುವಾರಗಳಲ್ಲಿ ಮೂವತ್ತಾಯಿತು. ಹಾಲು ತರುವುದು ಯಜಮಾನರ ಪಾಲಿಗೆ ಹೋಯಿತು. ಈ ಸವಾರಿಗಾಗಿ ಮೂರು ತಿಂಗಳು ತಯಾರಿ ಮಾಡಿದೆ. ಸೀಟು ಎಷ್ಟೆತ್ತರ ಇರಬೇಕೆಂದು ಕಲಿತೆ. ಪೆಡಲ್ ಪೂರಾ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರಬೇಕು, ಇಲ್ಲದಿದ್ದರೆ ನಮ್ಮ ವಯಸ್ಸಿನ ಮೊಣಕಾಲು ಮಾತಾಡಲು ಶುರುಮಾಡುತ್ತದೆ. ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ, ಜಡೆ ಹಾಕಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಲಿಲ್ಲ, ನಾನೇ ಕಂಡುಕೊಂಡೆ.

ಆ ದಿನ ಬೆಳಗಿನ ಐದಕ್ಕೆ ಹುಬ್ಬಳ್ಳಿ ಬಿಟ್ಟೆವು. ನಲವತ್ತು ಜನ, ಅದರಲ್ಲಿ ಹೆಂಗಸರು ಒಂಬತ್ತು. ಕುಸುಗಲ್ ದಾಟುವಾಗ ಇನ್ನೂ ಕತ್ತಲೆ. ಮುಂದಿನವರ ಕೆಂಪು ದೀಪಗಳ ಸಾಲು, ಸರಪಳಿಗಳ ಸದ್ದು, ತಂಪು ಗಾಳಿ. ಗುಂಪಿನಲ್ಲಿ ಹೋಗುವುದಕ್ಕೆ ಅದರದೇ ಒಂದು ಶಿಸ್ತಿದೆ. ಮುಂದಿನ ಸೈಕಲ್ಲಿನ ಹಿಂದೆ ಹಿಂದೆಯೇ ಹೋದರೆ ಎದುರುಗಾಳಿಯನ್ನು ಮುಂದಿನವರು ತಡೆಯುತ್ತಾರೆ, ನಮಗೆ ಶ್ರಮ ಕಡಿಮೆ. ಸ್ವಲ್ಪ ಹೊತ್ತಾದ ಮೇಲೆ ಮುಂದಿನವರು ಸರಿದು ಹಿಂದೆ ಬರಬೇಕು, ಹಿಂದಿನವರು ಮುಂದೆ ನಿಲ್ಲಬೇಕು. ಗುಂಡಿ ಕಂಡವರು ಕೈ ತೋರಿಸಿ "ಗುಂಡಿ!" ಎಂದು ಕೂಗಬೇಕು. ಲಾರಿ ಬಂದರೆ ಹಿಂದಿನಿಂದ ಕೂಗು ಮುಂದಕ್ಕೆ ದಾಟಬೇಕು. ಅತ್ತಿಗೆ ನಾದಿನಿಯರು ಕೂಡಿ ನೂರು ರೊಟ್ಟಿ ಬಡಿಯುವಾಗ ಒಬ್ಬರಿಗೆ ಕೈ ನೊಂದರೆ ಇನ್ನೊಬ್ಬರು ಕೊಣಮಿಗೆಯ ಮುಂದೆ ಕೂರುವುದಿಲ್ಲವೇ? ಹಾಗೆ. ನನ್ನ ಸರದಿ ಬಂದಾಗ ನಾನೂ ಮುಂದೆ ಹೋದೆ. ನನ್ನ ಹಿಂದೆ ಇಪ್ಪತ್ತರ ಹುಡುಗರು ಬರುತ್ತಿದ್ದಾರೆಂಬ ಜಂಬದಲ್ಲಿ ಎರಡು ಕಿಲೋಮೀಟರು ಹೋದದ್ದೇ ತಿಳಿಯಲಿಲ್ಲ.

ನವಲಗುಂದಕ್ಕಿಂತ ಮೊದಲು ನಮ್ಮೂರಿನ ಕ್ರಾಸಿನಲ್ಲಿ ಅಣ್ಣ ತಂಬಿಗೆ ಹಿಡಿದು ನಿಂತಿದ್ದ. ನಾನು ಹೇಳಿರಲಿಲ್ಲ, ಯಜಮಾನರು ಫೋನು ಮಾಡಿದ್ದರು. ಅಣ್ಣನಿಗೆ ಈಗ ಅರವತ್ತರ ಹತ್ತಿರ, ತಲೆಯೆಲ್ಲ ಬಿಳಿ. "ಆಸರಕಿ ಕುಡಿ ಮೊದಲ" ಎಂದು ಮಜ್ಜಿಗೆ ಕೊಟ್ಟ. ಶುಂಠಿ, ಕರಿಬೇವು, ಉಪ್ಪು ಕೈ ಬಿಚ್ಚಿ ಹಾಕಿದ್ದರು ಅತ್ತಿಗೆ. ನಾನು ಕುಡಿಯುವಷ್ಟರಲ್ಲಿ ಅವನು ಕೆಳಗೆ ಕೂತು ಹೆಬ್ಬೆರಳಿನಿಂದ ಎರಡೂ ಗಾಲಿ ಒತ್ತಿ ನೋಡಿದ. "ಗಾಳಿ ಭಾಳ ಆಗೇದ. ಮ್ಯಾಲ ಬಿಸಲು ಏರ್ತದ, ಸ್ವಲ್ಪ ಬಿಡತೇನಿ" ಎಂದು ಹಿಂದಿನ ಗಾಲಿಯಿಂದ ಒಂದಿಷ್ಟು ಗಾಳಿ ಬಿಟ್ಟ. ನಾಲ್ಕು ದಶಕದ ಹಿಂದೆ ಹೊಲದ ದಾರಿಯಲ್ಲಿ ಹೀಗೆಯೇ ಒತ್ತಿ ನೋಡುತ್ತಿದ್ದ. ಆ ಸೈಕಲ್ಲಿನ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಹೊರಟಾಗ ಸೀಟಿನ ಹಿಂಭಾಗ ಹಿಡಿದು ನಾಲ್ಕು ಹೆಜ್ಜೆ ಓಡಿ ಬಂದು ಕೈಬಿಟ್ಟ.

ನವಲಗುಂದ ದಾಟಿದ ಮೇಲೆ ಎರೆಭೂಮಿ ತನ್ನ ನಿಜರೂಪ ತೋರಿಸಿತು. ನೀವು ಈ ಸೀಮೆಯನ್ನು ಚಳಿಗಾಲದಲ್ಲಿ ನೋಡಬೇಕು, ಜೋಳ, ಕಡಲೆ, ಕುಸುಬಿ ನಿಂತಾಗ ಕಣ್ಣಿಗೆ ಹಬ್ಬ. ಏಪ್ರಿಲ್‌ನಲ್ಲಿ ಬರೀ ಕಪ್ಪು ನೆಲ, ಕೈ ಹೋಗುವಷ್ಟು ಅಗಲ ಬಿರಿದ ನೆಲ. ಗಿಡವೆಂಬುದು ಮೈಲಿಗೊಂದು. ಯಮನೂರಿನ ಬೆಣ್ಣೆಹಳ್ಳದಲ್ಲಿ ಹೆಸರಿನಲ್ಲಿರುವಷ್ಟೂ ತಂಪಿರಲಿಲ್ಲ. ನರಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. 1858ರಲ್ಲಿ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಬಂಡೆದ್ದ ಕೋಟೆ ಅದು. ಪ್ರತಿ ವರ್ಷ ಪಾಠ ಮಾಡುವ ಆ ಗುಡ್ಡ, ಸೈಕಲ್ಲಿನ ಮೇಲೆ ಹೋದಾಗ ಎಷ್ಟು ತುಳಿದರೂ ಹತ್ತಿರ ಬರಲೊಲ್ಲದು. ನರಗುಂದದಲ್ಲಿ ಇಡ್ಲಿ ತಿಂದಾಗ ಎಂಟೂವರೆ. ಅಷ್ಟರಲ್ಲೇ ಬಿಸಿಲು ಬೆನ್ನಿನ ಮೇಲೆ ಕೈಯಿಟ್ಟಿತ್ತು.

ಬಿಸಿಲಿನ ವಿಷಯದಲ್ಲಿ ನಮ್ಮ ಹೆಂಗಸರಿಗೆ ಒಂದು ಹೆಮ್ಮೆಯಿದೆ. "ಒಲಿ ಮುಂದ ಬೆಂದವರಿಗೆ ಬಿಸಲೇನು?" ಎನ್ನುತ್ತೇವೆ. ಆ ಮಾತನ್ನು ನಂಬಬೇಡಿ. ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಬೆವರಿನಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿಯುತ್ತ ಹೋದರೆ ಸಾಲದು. ಒಂದು ಲೀಟರ್ ನೀರಿಗೆ ಸಣ್ಣ ಚಮಚೆಯಿಂದ ಮಟ್ಟಸವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಎರಡು ಬಾಟಲಿ ತುಂಬಿಕೊಂಡಿದ್ದೆ. ನೀರಡಿಕೆಯಾಗುವ ತನಕ ಕಾಯದೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಬೇಕೆಂದು ನಮಗೆ ಹೇಳಿದ್ದರು. ಇನ್ನೊಂದು ಮೋಸವೂ ಇದೆ. ಸೈಕಲ್ ಓಡುತ್ತಿರುವಾಗ ಗಾಳಿ ಬೀಸುವುದರಿಂದ ಬಿಸಿಲು ತಿಳಿಯುವುದಿಲ್ಲ. ನಿಂತ ಕೂಡಲೇ ಕುಲುಮೆಯ ಬಾಗಿಲು ತೆಗೆದಂತೆ ಮುಖಕ್ಕೆ ಬಡಿಯುತ್ತದೆ. ಕೊಣ್ಣೂರಿನ ಸೇತುವೆಯ ಮೇಲೆ ನಿಂತಾಗ ನನಗೆ ಅದು ಗೊತ್ತಾಯಿತು. ಕೆಳಗೆ ಮಲಪ್ರಭೆ ಅಲ್ಲೊಂದು ಇಲ್ಲೊಂದು ಮಡುವಾಗಿ ಮಲಗಿದ್ದಳು. 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಉಕ್ಕಿ ಈ ಹೆದ್ದಾರಿಯನ್ನೇ ಮುಚ್ಚಿಸಿತ್ತೆಂದರೆ ನಂಬುವುದು ಕಷ್ಟ. ನನ್ನ ಕುರ್ತಾದ ಬೆನ್ನಿನ ಮೇಲೆ ಉಪ್ಪು ಬಿಳಿಯ ಗೆರೆ ಬರೆದಿತ್ತು.

ಕುಳಗೇರಿ ಕ್ರಾಸಿನಲ್ಲಿ ನಮ್ಮ ಹಿಂದೆ ಬರುತ್ತಿದ್ದ ವ್ಯಾನು ನಿಂತಿತ್ತು. ನೋಡಿಕೊಳ್ಳುತ್ತಿದ್ದ ಯುವಕ ಬಹಳ ವಿನಯದಿಂದ, "ಅಕ್ಕೋರ, ವಯಸ್ಸಾದವರು ನೀವು. ಇಲ್ಲೀತನಕ ಬಂದಿದ್ದ ದೊಡ್ಡದು. ವ್ಯಾನ್ ಹತ್ತಿಬಿಡ್ರಿ" ಎಂದ. ಅವನ ಕೈ ನನ್ನ ಹ್ಯಾಂಡಲ್ ಮೇಲಿತ್ತು. ಹುಡುಗನ ತಪ್ಪೇನಿಲ್ಲ, ಅಕ್ಕರೆಯಿಂದಲೇ ಹೇಳಿದ್ದ. ಆದರೆ ನನಗೆ ಅಗಸಿ ಕಂಡಿತು. ಮೈಯನ್ನು ಕೇಳಿ ನೋಡಿದೆ. ಬೆವರು ಇಳಿಯುತ್ತಿತ್ತು, ತಲೆ ಹಗುರವಾಗಿತ್ತು, ಕಾಲು ನೋಯುತ್ತಿದ್ದರೂ ಮಾತು ಕೇಳುತ್ತಿದ್ದವು. "ನನಗಿಂತ ಮೊದಲು ನಿನಗ ದಣಿವಾಗೇದ ನೋಡಪಾ, ಒಂದೀಟು ನೀರು ಕುಡಿ" ಎಂದು ಅವನ ಕೈ ಮೆಲ್ಲಗೆ ಸರಿಸಿ ಹೊರಟೆ. ಅವನು ನಕ್ಕ. ನಾನೂ ನಕ್ಕೆ. ಆಗ ಹತ್ತೂಕಾಲು.

ಅಲ್ಲಿಂದ ಬಾದಾಮಿಗೆ ಇಪ್ಪತ್ತೈದು ಕಿಲೋಮೀಟರ್. ಕಪ್ಪು ನೆಲ ಹೋಗಿ ಕೆಂಪು ನೆಲ ಬಂತು, ರಸ್ತೆ ಏರಿಳಿಯತೊಡಗಿತು. ದೂರದಲ್ಲಿ ಬಾದಾಮಿಯ ಕೆಂಗಲ್ಲ ಬೆಟ್ಟಗಳು ಬೆಂಕಿಯಲ್ಲಿ ಕಾದ ಕಬ್ಬಿಣದಂತೆ ಕಂಡವು. ಗುಂಪು ಚದುರಿ ನಾನು ಮತ್ತು ಒಬ್ಬ ನರ್ಸ್ ಹುಡುಗಿ ಅಷ್ಟೇ ಉಳಿದಿದ್ದೆವು. ಸುಮಾರು ಹತ್ತು ಕಿಲೋಮೀಟರ್ ಹೋಗಿರಬೇಕು, ನನಗೆ ಇದ್ದಕ್ಕಿದ್ದಂತೆ ಚಳಿಯೆನಿಸಿತು. ನೆತ್ತಿಯ ಮೇಲೆ ಏಪ್ರಿಲ್ ಬಿಸಿಲು, ತೋಳಿನ ಮೇಲೆ ಮುಳ್ಳೆದ್ದ ರೋಮ! ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ರಸ್ತೆಯ ಅಂಚಿನ ಬಿಳಿ ಗೆರೆ ಒಮ್ಮೆ ಎರಡಾಗಿ ಕಂಡಿತು. "ಇನ್ನ ಹದಿನಾಲ್ಕ ಕಿಲೋಮೀಟರ್ ಐತ್ರಿ ಅಕ್ಕೋರ, ಈಗ ಬಿಡಬ್ಯಾಡ್ರಿ" ಎಂದು ದಾಟಿ ಹೋಗುತ್ತಿದ್ದ ಒಬ್ಬ ಸವಾರ ಹುರಿದುಂಬಿಸಿದ. ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದದ್ದೂ ಅದನ್ನೇ. ಒಂದು ಬೇವಿನ ಗಿಡ ಬಂತು. ಬ್ರೇಕ್ ಹಿಡಿದೆ. ಯಾರೂ ಹೇಳಲಿಲ್ಲ. ನಾನೇ ಇಳಿದೆ.

ನರ್ಸ್ ಹುಡುಗಿಯೂ ಇಳಿದಳು. ನನ್ನನ್ನು ನೆರಳಿನಲ್ಲಿ ಮಲಗಿಸಿ, ಕಾಲನ್ನು ಚೀಲದ ಮೇಲೆ ಎತ್ತರಕ್ಕಿಟ್ಟು, ದುಪಟ್ಟಾ ತೊಯಿಸಿ ಕುತ್ತಿಗೆಗೂ ಕಂಕುಳಿಗೂ ಒತ್ತಿದಳು. ಗುಟುಕು ಗುಟುಕಾಗಿ ಉಪ್ಪುಸಕ್ಕರೆ ನೀರು ಕುಡಿಸಿದಳು. "ಇದು ಬಿಸಿಲಿನ ಬಳಲಿಕೆ ರೀ. ಇಷ್ಟಕ್ಕ ನಿಂತ್ರ ಅರ್ಧ ತಾಸಿನ್ಯಾಗ ಸುಧಾರಸ್ತದ. ನಿಲ್ಲಲಿಲ್ಲಂದ್ರ ಮಾತು ತೊದಲ್ತದ, ಖಬರು ತಪ್ತದ. ಅದು ಬಿಸಿಲು ಬಡಿಯೂದು. ಅದಕ್ಕ ದವಾಖಾನಿನ ಬೇಕು, ಒಮ್ಮೊಮ್ಮೆ ಜೀವಾನೂ ಉಳಿಯೂದಿಲ್ಲ" ಎಂದಳು. ತನ್ನ ಪದಕದ ವೇಳೆ ಮೀರುತ್ತಿದ್ದರೂ ವ್ಯಾನು ಬರುವ ತನಕ ನನ್ನ ಪಕ್ಕ ಕೂತಿದ್ದಳು. ಅವಳನ್ನು ಬಲವಂತದಿಂದ ಕಳಿಸಿ, ನಾನು ವ್ಯಾನಿನಲ್ಲಿ ಬಾದಾಮಿಗೆ ಬಂದೆ.

ಯಜಮಾನರು ಬಸ್ಸಿನಲ್ಲಿ ಮೊದಲೇ ಬಂದು ಕಾಯುತ್ತಿದ್ದರು. ಎಲ್ಲರೂ ಸೈಕಲ್ಲಿನಿಂದ ಇಳಿಯುವಾಗ ನಾನು ವ್ಯಾನಿನಿಂದ ಇಳಿದೆ. ಅವರು ಏನೂ ಕೇಳಲಿಲ್ಲ. "ನಾಷ್ಟಾ ಆತೇನು?" ಎಂದು ಕೇಳಿದ್ದು ನಾನು. ಅವರಿಗೆ ನಗು ಬಂತು, ನನಗೆ ಅಳು ಬಂತು.

ರಾತ್ರಿ ಲಾಡ್ಜಿನಲ್ಲಿ ನಿದ್ದೆ ಹತ್ತಲಿಲ್ಲ. ಸೋತೆ ಎಂಬ ದುಃಖವೇ ಎಂದು ಹುಡುಕಿದೆ, ಅಲ್ಲ. ಅಗಸಿಯ ಮುಂದೆ ಇಳಿದಾಗ ಹೊಟ್ಟೆಯಲ್ಲಿ ಉರಿದದ್ದು ಬೇವಿನ ಗಿಡದ ಕೆಳಗೆ ಉರಿದಿರಲಿಲ್ಲ. ಇಳಿದದ್ದು ಎರಡೂ ಸಲ ನಾನೇ. ಆದರೆ ತಾನಾಗಿ ಇಳಿದವಳು ತನಗೆ ಬೇಕೆನಿಸಿದಾಗ ಮತ್ತೆ ಹತ್ತಬಹುದು. ಇನ್ನೊಬ್ಬರು ಇಳಿಸಿದವಳು ಹತ್ತುವುದಕ್ಕೂ ಅವರನ್ನೇ ಕೇಳಬೇಕು. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ನಲವತ್ತೆರಡು ವರ್ಷ ಬೇಕಾಯಿತು.

ಇನ್ನೊಂದು ನೆನಪೂ ಆ ರಾತ್ರಿ ಎದ್ದು ಕೂತಿತು. ಸರ್ಕಾರದ ಸೈಕಲ್ ಬಂದ ಎರಡು ವರ್ಷದ ಮೇಲೆ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಶಾಲೆಯ ಮುಂದಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು, ತೋಳು ಚಾಚಿ, ಹಾಡು ಹೇಳುತ್ತ ಬರುತ್ತಿದ್ದಳು. ಅಂಗಡಿಯ ಕಟ್ಟೆಯ ಮೇಲಿನ ಗಂಡಸರೆಲ್ಲ ನೋಡುತ್ತಿದ್ದರು. ನಾನು ಅಡ್ಡ ಹೋಗಿ ಹ್ಯಾಂಡಲ್ ಹಿಡಿದು "ಇಳಿ" ಎಂದೆ. ಬಿದ್ದಾಳೆಂಬ ಭಯಕ್ಕೆ ಹೇಳಿದೆನೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರಾ ನಿಜವಲ್ಲ. ಆ ದನಿ ದೊಡ್ಡಪ್ಪನದು. ಹುಡುಗಿ ತಲೆ ತಗ್ಗಿಸಿ ಸೈಕಲ್ ನೂಕಿಕೊಂಡು ಹೋದಳು. ಆ ವರ್ಷವೆಲ್ಲ ನನ್ನನ್ನು ಕಂಡ ಕೂಡಲೇ ಇಳಿದು ನೂಕುತ್ತಿದ್ದಳು. ಅದನ್ನು ಗೌರವವೆಂದು ತಿಳಿದುಕೊಂಡಿದ್ದೆ.

ಬೆಳಗಿನ ನಾಲ್ಕೂವರೆಗೆ ಯಜಮಾನರನ್ನು ಎಬ್ಬಿಸಿದೆ. ಮೈ ಹಗುರವಾಗಿತ್ತು, ತಲೆನೋವು ಪೂರಾ ಹೋಗಿತ್ತು. "ಆ ಬೇವಿನ ಗಿಡದ ತನಕ ಹೋಗಬೇಕು" ಎಂದೆ. ಒಂದು ನಿಮಿಷ ನನ್ನ ಮುಖ ನೋಡಿದರು. "ನಿನಗ ಹುಚ್ಚು" ಎನ್ನುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಗೂಡ್ಸ್ ಆಟೋ ಹಿಡಿದು ತಂದರು. ಸೈಕಲ್ಲನ್ನು ಹಿಂದೆ ಮಲಗಿಸಿ ಗಿಡದ ತನಕ ಹೋದೆವು. ನಾನು ಹತ್ತಿದೆ. ಹದಿನಾಲ್ಕು ಕಿಲೋಮೀಟರ್. ಪೂರ್ವ ಕೆಂಪಾಗಿ, ಬೆಟ್ಟ ಕೆಂಪಾಗಿ, ನವಿಲಿನ ಕೂಗು ಕೇಳಿ, ಬಾದಾಮಿ ಬಂತು. ಆಟೋದವನು ಹಿಂದೆ ಹಿಂದೆಯೇ ನಿಧಾನ ಬಂದ. ಒಳಗಿಂದ ಯಜಮಾನರು, "ಗುಂಡಿ! ಎಡಕ್ಕ ಗುಂಡಿ!" ಎಂದು ಕೂಗುತ್ತಿದ್ದರು. ಆಮೇಲೆ ಬನಶಂಕರಿಗೆ ಹೋಗಿ ದೇವಿಗೆ ಕೈಮುಗಿದು, ಗುಡಿಯ ಹೊರಗೆ ಬುಟ್ಟಿಯಿಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಕೆನೆಮೊಸರು ತಿಂದೆವು. ಯಜಮಾನರ ನಾಷ್ಟಾದ ಲೆಕ್ಕವೂ ಚುಕ್ತಾ ಆಯಿತು.

ಮೇ ಕೊನೆಗೆ ಶಾಲೆ ತೆರೆದಾಗ ಸುದ್ದಿ ನನಗಿಂತ ಮೊದಲೇ ಶಾಲೆ ಮುಟ್ಟಿತ್ತು. ಮೊದಲ ತಾಸಿನಲ್ಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಅಕ್ಕೋರ, ಸೈಕಲ್ ಮ್ಯಾಲ ಬಾದಾಮಿಗೆ ಹೋಗಿದ್ರಂತ. ಎಷ್ಟನೇ ನಂಬರ್ ಬಂದ್ರಿ?" ಎಂದು ಕೇಳಿದಳು.

"ನಂಬರಿಲ್ಲವ್ವಾ" ಎಂದೆ. "ಒಂದು ದಿನ ತಡ ಆಗಿ ಬಂದೆ."

ಹಾಜರಿ ಪುಸ್ತಕ ಕೈಯಲ್ಲೇ ಇತ್ತು. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದು ನನ್ನ ಹಳೆಯ ಪದ್ಧತಿ. ಅಂದು ಬಾಗಿಲಲ್ಲಿ ಒಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು, ಕೈಗೆಲ್ಲ ಸೈಕಲ್ ಚೈನಿನ ಎಣ್ಣೆ. ಒಳಗೆ ಬಾ ಎಂದೆ.